ಓದುಗರ ಪ್ರಶ್ನೆ: ಸೋತ ಓಟಕ್ಕೂ ಹಬ್ಬ ಮಾಡ್ತಾರಾ?

ಹೋದ ಸಂಚಿಕೆಯಲ್ಲಿ ಒಂದು ಹಾಯಿದೋಣಿ ಓಟದ ಬಗ್ಗೆ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಓಟ ಅದು. ‘ಅಮೆರಿಕ’ ಅನ್ನುವ ಪರದೇಶಿ ದೋಣಿ ಒಂಟಿಯಾಗಿ ಬಂದು ಊರಿನವರನ್ನೆಲ್ಲ ಸೋಲಿಸಿತು. 150 ವರ್ಷ ತುಂಬಿದಾಗ ಅದೇ ನೀರಿನಲ್ಲಿ ಅದರ ನೆನಪಿಗೆ ಮತ್ತೆ ಓಟ ನಡೆಸಿದರು. ಬರೆದದ್ದು ಇಷ್ಟೇ. ಸಮುದ್ರದಿಂದ ಇಷ್ಟು ದೂರ, 900 ಮೀಟರ್ ಎತ್ತರದಲ್ಲಿ ಕೂತಿರುವ ಬೆಂಗಳೂರಿನವರು ಇದರ ಬಗ್ಗೆ ಇಷ್ಟೊಂದು ಕೇಳುತ್ತಾರೆ ಅಂತ ಯಾರಿಗೆ ಗೊತ್ತಿತ್ತು! ಈ ಸಲ ಇಡೀ ಅಂಕಣ ಹಾಯಿದೋಣಿಗೇ ಮೀಸಲು. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಸ್ವಲ್ಪ ಕಾಯಬೇಕು.

ಗೆದ್ದವರೂ ಈಗಿಲ್ಲ, ಸೋತವರೂ ಇಲ್ಲ. ಅಂಥ ಓಟಕ್ಕೆ ಕ್ಲಬ್‌ನವರು ಅಷ್ಟು ಖರ್ಚು ಮಾಡಿ ಹಬ್ಬ ಮಾಡೋದು ದುಡ್ಡಿದ್ದವರ ಶೋಕಿ ಅಲ್ವಾ?
— ಬಸವನಗುಡಿಯ ಓದುಗರು

ಶೋಕಿ ಇದ್ದೇ ಇದೆ. ದುಡ್ಡಿಲ್ಲದವರು ಅಷ್ಟು ದೊಡ್ಡ ದೋಣಿ ಇಟ್ಟುಕೊಳ್ಳುವುದು ಹೇಗೆ? ಆದರೆ ಅವತ್ತು ಏನಾಯಿತು ಅಂತ ತಿಳಿದರೆ ನಿಮಗೂ ಸ್ವಲ್ಪ ಕುತೂಹಲ ಹುಟ್ಟೀತು.

ಕೌಸ್ ಅನ್ನುವ ಊರಿನ ರಾಯಲ್ ಯಾಟ್ ಸ್ಕ್ವಾಡ್ರನ್ ಕ್ಲಬ್ ಶುರುವಾದದ್ದು 1815ರಲ್ಲಿ. ಇಂಗ್ಲೆಂಡಿನ ದೊಡ್ಡ ದೊಡ್ಡ ಮನೆತನದವರ ಕ್ಲಬ್ ಅದು. ನ್ಯೂಯಾರ್ಕ್ ಯಾಟ್ ಕ್ಲಬ್ ಹುಟ್ಟಿದ್ದು 1844ರಲ್ಲಿ. ಅಂದರೆ ಆಗ ಅದಕ್ಕೆ ಏಳೇ ವರ್ಷ. 1851ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಕೈಗಾರಿಕೆಗಳ ಮಹಾ ವಸ್ತುಪ್ರದರ್ಶನ ನಡೆಯುತ್ತಿತ್ತು. ನಮ್ಮ ಕೈಚಳಕವನ್ನೂ ತೋರಿಸೋಣ ಅಂತ ನ್ಯೂಯಾರ್ಕ್ ಕ್ಲಬ್‌ನವರು ‘ಅಮೆರಿಕ’ ಅನ್ನುವ ಸ್ಕೂನರ್, ಅಂದರೆ ಎರಡು ಕಂಬದ ಹಾಯಿದೋಣಿ, ಕಟ್ಟಿಸಿದರು. ಅದನ್ನು ಹಡಗಿನಲ್ಲಿ ಹೇರಿ ತರಲಿಲ್ಲ, ಅಟ್ಲಾಂಟಿಕ್ ದಾಟಿ ಅದನ್ನೇ ನಡೆಸಿಕೊಂಡು ಬಂದರು. ಅದರ ಮೂತಿ ಚೂಪು. ಹಾಯಿಗಳು ಗಿರಣಿಯಲ್ಲಿ ನೇಯ್ದ ಹತ್ತಿ ಬಟ್ಟೆಯವು, ಬಿಗಿಯಾಗಿ ಚಪ್ಪಟೆಯಾಗಿ ನಿಲ್ಲುತ್ತಿದ್ದವು. ಇಂಗ್ಲಿಷರ ಹಾಯಿ ಅಗಸೆ ನಾರಿನದು, ಗಾಳಿ ತುಂಬಿದರೆ ಹೊಟ್ಟೆ ಬಿಡುತ್ತಿತ್ತು. ದೋಣಿಯನ್ನು ನೋಡಿದ ಮೇಲೆ ಅದರ ಜೊತೆ ಪಣ ಕಟ್ಟಲು ಅಲ್ಲಿನವರು ಹಿಂದೆ ಮುಂದೆ ನೋಡಿದರಂತೆ.

ಕೊನೆಗೆ ಕ್ಲಬ್‌ನ ಸಾರ್ವಜನಿಕ ಓಟದಲ್ಲಿ ಅದೂ ಸೇರಿಕೊಂಡಿತು. ಒಟ್ಟು 15 ದೋಣಿಗಳು. ‘ಅಮೆರಿಕ’ ಹೊರಟದ್ದೇ ತಡವಾಗಿ, ಎಲ್ಲರ ಹಿಂದೆ. ಆಮೇಲೆ ಒಂದೊಂದನ್ನೇ ದಾಟುತ್ತಾ ಹೋಯಿತು. ದಾರಿಯಲ್ಲಿ ನ್ಯಾಬ್ ಅನ್ನುವ ದೀಪದ ಹಡಗಿನ ಹೊರಗಿನಿಂದ ಸುತ್ತಿ ಬರುವುದು ಅಲ್ಲಿನ ವಾಡಿಕೆ. ಇವರು ಒಳಗಿನಿಂದ ನುಗ್ಗಿಬಿಟ್ಟರು. ತಕರಾರು ಎದ್ದಿತು. ಆದರೆ ಇವರ ಕೈಗೆ ಕೊಟ್ಟ ಸೂಚನೆಯಲ್ಲಿ ಹೊರಗಿನಿಂದಲೇ ಬರಬೇಕು ಅಂತ ಬರೆದಿರಲಿಲ್ಲ, ಹಾಗಾಗಿ ತಕರಾರು ಬಿದ್ದುಹೋಯಿತು. ರಾತ್ರಿ ಎಂಟೂವರೆ ದಾಟಿದ ಮೇಲೆ ‘ಅಮೆರಿಕ’ ಮೊದಲು ಬಂದು ಬಹುಮಾನದ ಕಪ್ ಗೆದ್ದಿತು. ಹಿಂದೆಯೇ ‘ಅರೋರಾ’ ಬಂತು. ಅದು ‘ಅಮೆರಿಕ’ದ ಮೂರರಲ್ಲಿ ಒಂದು ಪಾಲೂ ಇರಲಿಲ್ಲ, ಅಷ್ಟು ಪುಟ್ಟದು! ಚಿಕ್ಕ ದೋಣಿಗೆ ಸಮಯದ ರಿಯಾಯಿತಿ ಕೊಡುವ ಪದ್ಧತಿ ಆ ಓಟದಲ್ಲಿ ಇರಲಿಲ್ಲ. ನನ್ನ ಕೇಳಿದರೆ ಅವತ್ತಿನ ನಿಜವಾದ ಹೀರೋ ‘ಅರೋರಾ’ನೇ.

ಇನ್ನು ಹಬ್ಬದ ವಿಷಯ. 2001ರ ಆಗಸ್ಟ್‌ನಲ್ಲಿ ಕೌಸ್‌ಗೆ ಸುಮಾರು 200 ದೋಣಿಗಳು ಬಂದವು. 1930ರ ದಶಕದ ‘ಎಂಡೆವರ್’, ‘ವೆಲ್‌ಶೀಡಾ’ದಂಥ ಭಾರೀ ದೋಣಿಗಳು ಬಂದವು. ‘ಅಮೆರಿಕ’ದ ಪಡಿಯಚ್ಚು ಬಂತು. ಆ ಕಪ್‌ಗಾಗಿ ಆಮೇಲೂ ನಡೆಯುತ್ತಾ ಬಂದ ಪೈಪೋಟಿಯಲ್ಲಿ 1983ರಲ್ಲಿ ನ್ಯೂಯಾರ್ಕಿನವರಿಂದ ಅದನ್ನು ಕಿತ್ತುಕೊಂಡ ‘ಆಸ್ಟ್ರೇಲಿಯಾ 2’ ದೋಣಿಯನ್ನು ಮ್ಯೂಸಿಯಮ್ಮಿನಿಂದ ಇಳಿಸಿ ತಂದು ಮತ್ತೆ ನೀರಿಗೆ ಬಿಟ್ಟರು. ಎಲ್ಲವೂ ಸೇರಿ ಅದೇ ದ್ವೀಪವನ್ನು ಸುತ್ತಿದವು. ಇದನ್ನು ನಡೆಸಿದ್ದು ಯಾರು ಅಂತೀರಿ? ಗೆದ್ದ ಕ್ಲಬ್ ಮತ್ತು ಸೋತ ಕ್ಲಬ್ ಎರಡೂ ಸೇರಿ. ತಮ್ಮ ಅಂಗಳದಲ್ಲೇ, ತಮ್ಮ ರಾಣಿಯ ಕಣ್ಣೆದುರಿಗೇ ಸೋತ ಓಟವನ್ನು ನೆನೆಯಲು ಊರಿನ ಕ್ಲಬ್ ಆತಿಥ್ಯ ವಹಿಸಿತು. ನಮ್ಮಲ್ಲಿ ಸೋತ ಮ್ಯಾಚಿನ ವಾರ್ಷಿಕೋತ್ಸವ ಮಾಡಿದ್ದನ್ನು ನೀವು ಕಂಡಿದ್ದೀರಾ? ಬೆಳ್ಳಿಹಬ್ಬ ಅಂದರೆ ನಮಗೆ ಶಾಲು, ಹಾರ, ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ, ಜೊತೆಗೆ ಮುಗಿಯದ ಭಾಷಣ. ಅವರು ಅದನ್ನೆಲ್ಲ ಸಂಜೆಗೆ ಇಟ್ಟುಕೊಂಡು ಹಗಲಲ್ಲಿ ಓಟ ಓಡಿದರು. ನನಗೆ ಇಷ್ಟವಾದದ್ದು ಅದೇ.

‘ಎರಡನೇ ಸ್ಥಾನ ಅಂತ ಯಾವುದೂ ಇಲ್ಲ, ಮಹಾರಾಣಿ’ ಅಂತ ವಿಕ್ಟೋರಿಯಾ ರಾಣಿಗೆ ಹೇಳಿದ್ದು ನಿಜವೇ?
— ರಾಜಾಜಿನಗರದ ಓದುಗರು

ಕತೆ ಚೆನ್ನಾಗಿದೆ. ಮೊದಲು ಬಂದವರು ಯಾರು ಅಂತ ರಾಣಿ ಕೇಳಿದಳಂತೆ, ‘ಅಮೆರಿಕ’ ಅಂದರಂತೆ, ಎರಡನೆಯವರು ಅಂದಾಗ ಈ ಉತ್ತರ ಬಂತಂತೆ. ರಾಣಿ ಅವತ್ತು ಓಟ ನೋಡಲು ಬಂದದ್ದು ನಿಜ. ಮಾತು ಮಾತ್ರ ಆಮೇಲೆ ಸೇರಿಕೊಂಡಿರುವ ಹಾಗೆ ಕಾಣುತ್ತದೆ. ‘ಅರೋರಾ’ ಅಷ್ಟು ಹತ್ತಿರದಲ್ಲಿ ಬರುತ್ತಿದ್ದಾಗ ‘ಎರಡನೆಯದು ಇಲ್ಲ’ ಅಂದರೆ ಅದು ಸುಳ್ಳೇ ಅಲ್ವಾ?

ಆ ದೋಣಿ ಈಗ ಎಲ್ಲಿದೆ?
— ಯಲಹಂಕದ ವಿದ್ಯಾರ್ಥಿನಿ

ಎಲ್ಲೂ ಇಲ್ಲಮ್ಮ. ಗೆದ್ದ ಸ್ವಲ್ಪ ದಿನಕ್ಕೇ ಮಾಲೀಕರು ಅದನ್ನು ಇಂಗ್ಲೆಂಡಿನಲ್ಲೇ ಮಾರಿ ಕಪ್ ಮಾತ್ರ ಮನೆಗೆ ಒಯ್ದರು. ಆಮೇಲೆ ಅದು ಕೈಯಿಂದ ಕೈಗೆ ಹೋಗಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪಾಲಾಯಿತು. ಅವರು ಅದನ್ನು ಮುಳುಗಿಸಿದರು, ಉತ್ತರದವರು ಮೇಲೆತ್ತಿ ತಮ್ಮ ನೌಕಾಪಡೆಗೆ ಸೇರಿಸಿಕೊಂಡರು. 1870ರಲ್ಲಿ ಆ ಕಪ್‌ಗಾಗಿಯೇ ನಡೆದ ಮೊದಲ ಪೈಪೋಟಿಯಲ್ಲಿ ಮುದಿ ದೋಣಿ ಮತ್ತೆ ಓಡಿ ನಾಲ್ಕನೆಯದಾಗಿ ಬಂತು. ಕೊನೆಗೆ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಗೆ ಸೇರಿತು. 1942ರಲ್ಲಿ ಅದರ ಮೇಲಿದ್ದ ಶೆಡ್ಡಿನ ಚಾವಣಿ ಹಿಮದ ಭಾರಕ್ಕೆ ಕುಸಿದು ದೋಣಿ ಜಜ್ಜಿಹೋಯಿತು. 1945ರಲ್ಲಿ ಒಡೆದು ಹಾಕಿದರು. ಅಂಥ ದೋಣಿಯನ್ನು ಒಂದು ಗಟ್ಟಿ ಚಾವಣಿಯ ಕೆಳಗೆ ಇಡಲಾಗಲಿಲ್ಲ, ನೋಡಿ.

ಎದುರುಗಾಳಿಗೂ ಹಾಯಿದೋಣಿ ಮುಂದೆ ಹೋಗುತ್ತದೆ ಅಂತಾರೆ. ನನ್ನ ತಲೆಗೆ ಹೋಗಲಿಲ್ಲ. ಗಾಳಿ ತಳ್ಳಿದರೆ ಹಿಂದಕ್ಕಲ್ಲವೇ ಹೋಗಬೇಕು?
— ವಿಜಯನಗರದ ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ನೇರ ಎದುರಿಗೆ ಹೋಗಲು ಯಾವ ದೋಣಿಗೂ ಆಗುವುದಿಲ್ಲ. ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು. ಸ್ವಲ್ಪ ದೂರ ಬಲಕ್ಕೆ, ಆಮೇಲೆ ದೋಣಿ ತಿರುಗಿಸಿ ಎಡಕ್ಕೆ, ಮತ್ತೆ ಬಲಕ್ಕೆ. ನಂದಿ ಬೆಟ್ಟದ ರಸ್ತೆ ತಿರುವು ತಿರುವಾಗಿ ಮೇಲೆ ಹೋಗುತ್ತದಲ್ಲ, ಹಾಗೆ.

ಓರೆಯಾಗಿಯಾದರೂ ಮುಂದಕ್ಕೆ ಹೇಗೆ ಅಂತ ಕೇಳುತ್ತೀರಿ. ಹಾಯಿ ಚಪ್ಪಟೆ ಹಲಗೆಯಲ್ಲ, ಸ್ವಲ್ಪ ಬಾಗಿರುತ್ತದೆ. ಗಾಳಿ ಅದರ ಎರಡೂ ಬದಿಯಲ್ಲಿ ಹರಿಯುವಾಗ ಬಾಗಿದ ಹೊರಬದಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ, ಒಳಬದಿಯಲ್ಲಿ ಜಾಸ್ತಿ ಇರುತ್ತದೆ. ವಿಮಾನದ ರೆಕ್ಕೆಯಲ್ಲಿ ಕೆಲಸ ಮಾಡುವುದೂ ಇದೇ. ಆ ಬಲ ದೋಣಿಯನ್ನು ಹೆಚ್ಚಾಗಿ ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಎಳೆಯುತ್ತದೆ. ಪಕ್ಕಕ್ಕೆ ಜಾರದ ಹಾಗೆ ದೋಣಿಯ ಅಡಿಯಲ್ಲಿ ನೀರಿನೊಳಗೆ ಒಂದು ಅಗಲ ಹಲಗೆ ಇರುತ್ತದೆ, ದೊಡ್ಡ ದೋಣಿಯಲ್ಲಾದರೆ ಭಾರವಾದ ಕೀಲ್. ಅದು ಅಡ್ಡ ಜಾರುವುದನ್ನು ತಡೆಯುತ್ತದೆ, ಮುಂದೆ ಹೋಗುವುದನ್ನು ತಡೆಯುವುದಿಲ್ಲ. ಹಾಗಾಗಿ ದೋಣಿಗೆ ಉಳಿಯುವ ದಾರಿ ಮುಂದಕ್ಕೆ ಮಾತ್ರ. ಮೇಲೆ ಹೇಳಿದ ‘ಆಸ್ಟ್ರೇಲಿಯಾ 2’ ಗೆದ್ದದ್ದು ಈ ಕೀಲ್‌ಗೆ ಎರಡು ರೆಕ್ಕೆ ಹಚ್ಚಿ. ಓಟ ಮುಗಿಯುವ ತನಕ ಅದನ್ನು ಯಾರೂ ನೋಡದ ಹಾಗೆ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದರು. 132 ವರ್ಷ ನ್ಯೂಯಾರ್ಕಿನವರ ಕೈಯಲ್ಲಿದ್ದ ಕಪ್ ಆಗ 4–3ರಲ್ಲಿ ಹೋಯಿತು.

ನಮ್ಮ ದೇಶದ ಅಭಿಲಾಷ್ ಟಾಮಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಓಟವೂ ಒಂದು ಹಳೇ ಓಟದ ನೆನಪಿಗೆ ನಡೆದದ್ದು ಅಂತ ಓದಿದೆ. ಜಿಪಿಎಸ್ ಇಲ್ಲದೆ ಕಳಿಸಿದರಂತೆ. ನೆನಪಿನ ಹೆಸರಿನಲ್ಲಿ ಜೀವದ ಜೊತೆ ಆಟ ಆಡೋದು ಸರಿಯೇ?
— ಜೆ.ಪಿ. ನಗರದಿಂದ ಇಬ್ಬರು ಓದುಗರು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಂಪಾದಕರು ಕತ್ತರಿ ಹಾಕದಿದ್ದರೆ ಸಾಕು.

1968ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಗೋಲ್ಡನ್ ಗ್ಲೋಬ್ ಅಂತ ಒಂದು ಓಟ ಕೂಗಿತು. ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ ಭೂಮಿ ಸುತ್ತಿ ಬರಬೇಕು. ಅಲ್ಲಿಯ ತನಕ ಅದನ್ನು ಯಾರೂ ಮಾಡಿರಲಿಲ್ಲ. ಒಂಬತ್ತು ಜನ ಹೊರಟರು, ಮುಗಿಸಿದ್ದು ಒಬ್ಬರೇ. ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ದೋಣಿ ‘ಸುಹೈಲಿ’. 32 ಅಡಿಯ, ತೇಗದ ಮರದ ಆ ದೋಣಿ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಬೊಂಬಾಯಿಯಲ್ಲಿ! ವ್ಯಾಪಾರಿ ಹಡಗಿನಲ್ಲಿ ಅಧಿಕಾರಿಯಾಗಿದ್ದ ಅವರು ಅಲ್ಲಿ ಕಟ್ಟಿಸಿ, ಅದರಲ್ಲೇ ಇಂಗ್ಲೆಂಡಿಗೆ ಹೋಗಿದ್ದರು. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರು ಬಿಟ್ಟವರು 1969ರ ಏಪ್ರಿಲ್ 22ರಂದು ಅಲ್ಲಿಗೇ ವಾಪಸ್ ಬಂದರು. 312 ದಿನ.

ಉಳಿದವರ ಕತೆ ಅಷ್ಟು ಸುಲಭವಾಗಿ ಕೇಳುವಂಥದ್ದಲ್ಲ. ಬರ್ನಾರ್ ಮ್ವಾತೆಸ್ಯೆ ಗೆಲ್ಲುವ ಹಾಗಿದ್ದವರು. ನನಗೆ ಈ ಓಟವೇ ಬೇಡ ಅಂತ ಯುರೋಪಿಗೆ ಬೆನ್ನು ಹಾಕಿ ತಾಹಿತಿ ಕಡೆ ಹೋಗಿಬಿಟ್ಟರು. ಡೊನಾಲ್ಡ್ ಕ್ರೋಹರ್ಸ್ಟ್ ಅನ್ನುವವರ ದೋಣಿ ದಕ್ಷಿಣ ಸಾಗರಕ್ಕೆ ಹೋಗುವ ಸ್ಥಿತಿಯಲ್ಲೇ ಇರಲಿಲ್ಲ. ಮನೆ ಅಡ ಇಟ್ಟ ಸಾಲ ಬೇರೆ. ಅಟ್ಲಾಂಟಿಕ್‌ನಲ್ಲೇ ಸುತ್ತುತ್ತಾ, ಭೂಮಿ ಸುತ್ತುತ್ತಿದ್ದೇನೆ ಅಂತ ರೇಡಿಯೋದಲ್ಲಿ ಸುಳ್ಳು ಲೆಕ್ಕ ಕೊಡುತ್ತಾ ಹೋದರು. ಆ ಸುಳ್ಳನ್ನು ನಂಬಿ, ಹಿಂದಿನಿಂದ ಬರುತ್ತಿದ್ದಾರೆ ಅಂತ ಗಾಬರಿಯಿಂದ ದೋಣಿಯನ್ನು ಜೋರಾಗಿ ಓಡಿಸಿದ ನೈಜೆಲ್ ಟೆಟ್ಲಿಯ ದೋಣಿ, ಗುರಿ ಹತ್ತಿರವಿದ್ದಾಗ ಒಡೆದು ಮುಳುಗಿತು. ಅವರು ಬದುಕಿದರು. ಕ್ರೋಹರ್ಸ್ಟ್ ಬದುಕಲಿಲ್ಲ. 1969ರ ಜುಲೈನಲ್ಲಿ ಅವರ ದೋಣಿ ಖಾಲಿಯಾಗಿ ತೇಲುತ್ತಿದ್ದದ್ದು ಸಿಕ್ಕಿತು. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೋಹರ್ಸ್ಟ್ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟರು.

ಈ ಓಟಕ್ಕೆ 50 ವರ್ಷ ತುಂಬಿತು ಅಂತ 2018ರಲ್ಲಿ ಅದನ್ನೇ ಮತ್ತೆ ನಡೆಸಿದರು. ಷರತ್ತು ಏನೆಂದರೆ 1968ರಲ್ಲಿ ಇದ್ದಂಥ ಸಲಕರಣೆ ಮಾತ್ರ. ಉದ್ದ ಕೀಲ್ ಇರುವ ಹಳೇ ಮಾದರಿಯ ಚಿಕ್ಕ ದೋಣಿ, ಕಾಗದದ ನಕ್ಷೆ, ಸೂರ್ಯ ನಕ್ಷತ್ರ ನೋಡಿ ಜಾಗ ಲೆಕ್ಕ ಹಾಕಲು ಸೆಕ್ಸ್‌ಟೆಂಟ್. ಹಾಡು ಬೇಕಾದರೆ ಕ್ಯಾಸೆಟ್. ಆದರೆ ನೀವು ಓದಿದ್ದು ಅರ್ಧ ಮಾತ್ರ. ಜಿಪಿಎಸ್ ದೋಣಿಯಲ್ಲಿ ಇತ್ತು, ಸೀಲ್ ಮಾಡಿದ ಪೆಟ್ಟಿಗೆಯಲ್ಲಿ. ಅಪಾಯ ಬಂದರೆ ಒಡೆದು ತೆಗೆಯಬಹುದು. ದೋಣಿ ಎಲ್ಲಿದೆ ಅಂತ ದಡದಲ್ಲಿದ್ದವರಿಗೆ ಉಪಗ್ರಹದಿಂದ ಗೊತ್ತಾಗುತ್ತಲೇ ಇತ್ತು, ಓಡಿಸುವವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. 1968ರಲ್ಲಿ ಕ್ರೋಹರ್ಸ್ಟ್ ಕೊಟ್ಟಂಥ ಸುಳ್ಳು ಲೆಕ್ಕ ಈಗ ನಡೆಯುವುದಿಲ್ಲ ಅಂತಲೂ ಆಯಿತು.

ಅಭಿಲಾಷ್ ಓಡಿಸಿದ ‘ತುರಿಯಾ’ ಗೋವಾದಲ್ಲಿ ಕಟ್ಟಿದ ‘ಸುಹೈಲಿ’ಯ ಪಡಿಯಚ್ಚು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅದು ಮಗುಚಿ, ಹಾಯಿಕಂಬ ಮುರಿದು, ಅವರ ಬೆನ್ನಿಗೆ ಪೆಟ್ಟಾಯಿತು. ಅದೇ ಬಿರುಗಾಳಿಯಲ್ಲಿ ಕಂಬ ಕಳೆದುಕೊಂಡ ಐರ್ಲೆಂಡಿನ ಸ್ಪರ್ಧಿ ಗ್ರೆಗರ್ ಮೆಗಕಿನ್ ಮುರುಕು ದೋಣಿಯಲ್ಲೇ ಅವರ ಕಡೆ ಹೊರಟರು. ಮೂರು ದಿನದ ಮೇಲೆ ಫ್ರಾನ್ಸಿನ ‘ಒಸಿರಿಸ್’ ಹಡಗು ಅಭಿಲಾಷ್‌ರನ್ನು ಎತ್ತಿಕೊಂಡಿತು. ಆಪರೇಷನ್ ಆಯಿತು, ಮತ್ತೆ ನಡೆಯಲು ಕಲಿತರು, 2022ರಲ್ಲಿ ಅದೇ ಓಟಕ್ಕೆ ಮತ್ತೆ ಹೋದರು! 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ಗೆದ್ದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್ಶೇಫರ್. ದಾರಿಯಲ್ಲಿ, ದೋಣಿ ಮುಳುಗಿದ ಮತ್ತೊಬ್ಬ ಸ್ಪರ್ಧಿಯನ್ನು ಅವರೇ ಹೋಗಿ ಬದುಕಿಸಿದ್ದರು.

ಸರಿಯೇ ಅಂತ ಕೇಳಿದ್ದೀರಿ. ಹೋಗುವವರು ಎಲ್ಲ ತಿಳಿದು, ತಾವೇ ಬಯಸಿ ಹೋದರು. ಕರೆದವರು ಹಳೇ ಓಟದ ಕಷ್ಟವನ್ನು ಉಳಿಸಿಕೊಂಡು, ಜೀವ ಉಳಿಸುವ ವಿಷಯದಲ್ಲಿ ಮಾತ್ರ ಹೊಸ ಕಾಲಕ್ಕೆ ಬಂದರು. ಆದ್ದರಿಂದ ಸರಿ ಅನ್ನುತ್ತೇನೆ. ನನ್ನ ಮಗ ಹೋಗುತ್ತೇನೆ ಅಂದರೆ ಇದೇ ಮಾತು ಹೇಳುತ್ತೇನಾ ಅಂತ ಮಾತ್ರ ಕೇಳಬೇಡಿ.

ಜನ ಸತ್ತ ಓಟಗಳನ್ನೂ ನೆನೆಯುತ್ತಾರಾ, ಅಥವಾ ಸುಮ್ನೆ ಮರೆತುಬಿಡುತ್ತಾರಾ?
— ಹೆಬ್ಬಾಳದ ಓದುಗರು

ಮರೆಯುವುದಿಲ್ಲ, ಮರೆಯಲೂಬಾರದು. ಇಂಗ್ಲೆಂಡಿನಿಂದ ಐರ್ಲೆಂಡಿನ ಒಂದು ಬಂಡೆಯನ್ನು ಸುತ್ತುವ ಫಾಸ್ಟ್‌ನೆಟ್ ಓಟ 1925ರಲ್ಲಿ ಏಳೇ ದೋಣಿಗಳಿಂದ ಶುರುವಾಯಿತು. 1979ರಲ್ಲಿ 303 ದೋಣಿಗಳು ಹೊರಟಿದ್ದವು. ಮಧ್ಯದಲ್ಲಿ ಬಿರುಗಾಳಿ ಹಿಡಿದು 15 ಸ್ಪರ್ಧಿಗಳು ಸತ್ತರು. ಆಮೇಲೆ ವಿಚಾರಣೆ ನಡೆಯಿತು. ರೇಡಿಯೋ ಕಡ್ಡಾಯವಾಯಿತು, ಅನುಭವ ಇಲ್ಲದ ತಂಡಗಳಿಗೆ ಪ್ರವೇಶ ಕಷ್ಟವಾಯಿತು. ಸತ್ತವರ ಹೆಸರು ಕೆತ್ತಿದ ಕಲ್ಲು ಕೇಪ್ ಕ್ಲಿಯರ್ ದ್ವೀಪದಲ್ಲಿದೆ. ಆಸ್ಟ್ರೇಲಿಯಾದ ಸಿಡ್ನಿ–ಹೋಬಾರ್ಟ್ ಓಟದಲ್ಲಿ 1998ರಲ್ಲಿ 115 ದೋಣಿಗಳು ಹೊರಟು 44 ಮಾತ್ರ ಗುರಿ ಮುಟ್ಟಿದವು, ಆರು ಜನ ಹೋದರು. ಈಗ ಆ ಓಟದಲ್ಲಿ ಬಾಸ್ ಜಲಸಂಧಿಗೆ ಇಳಿಯುವ ಮುಂಚೆ ಪ್ರತಿ ದೋಣಿಯೂ ರೇಡಿಯೋದಲ್ಲಿ ‘ದೋಣಿ, ಜನ, ರೇಡಿಯೋ ಎಲ್ಲ ಸರಿಯಿವೆ, ಮುಂದೆ ಹೋಗುತ್ತೇವೆ’ ಅಂತ ಹೇಳಲೇಬೇಕು. ಹೂವಿನ ಹಾರ ಒಂದು ದಿನಕ್ಕೆ ಬಾಡುತ್ತದೆ, ಈ ನಿಯಮ ಪ್ರತಿ ಡಿಸೆಂಬರ್‌ನಲ್ಲೂ ಕೆಲಸ ಮಾಡುತ್ತದೆ.

ಸರ್, ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಮೊದಲು ಸಮುದ್ರದ ಊರಿನಲ್ಲಿದ್ದಾಗ ಒಂದು ಹಾಯಿದೋಣಿ ಕ್ಲಬ್‌ನ ಸದಸ್ಯ. ನಮ್ಮ ಕಾಲದ ಒಂದು ದೊಡ್ಡ ರೆಗಟ್ಟಾಗೆ (ದೋಣಿ ಓಟಗಳ ಕೂಟಕ್ಕೆ) ಇನ್ನೆರಡು ವರ್ಷಕ್ಕೆ 50 ತುಂಬುತ್ತದೆ. ಕ್ಲಬ್‌ನವರು ಹೋಟೆಲಿನಲ್ಲಿ ಊಟ, ಒಂದು ಸ್ಮರಣ ಸಂಚಿಕೆ ಅಂತಿದ್ದಾರೆ. ಬೇರೆ ಏನು ಮಾಡಬಹುದು?
— ಕೋರಮಂಗಲದ ಓದುಗರು

ಊಟ ಇರಲಿ, ಅದನ್ನು ಬೇಡ ಅನ್ನುವಷ್ಟು ಕಟುಕ ನಾನಲ್ಲ. ಆದರೆ ಊಟ ಓಟ ಆದ ಮೇಲೆ ಇರಲಿ.

ಮೊದಲು ಕಾಗದ ಹುಡುಕಿ. ಓಟಕ್ಕೆ ಮುಂಚೆ ಹಂಚಿದ ಸೂಚನೆ ಪತ್ರ, ಫಲಿತಾಂಶದ ಹಾಳೆ, ತಕರಾರು ಅರ್ಜಿಗಳು. ತಕರಾರು ಅರ್ಜಿಯಷ್ಟು ರುಚಿಯಾದ ಇತಿಹಾಸ ಬೇರೆ ಇಲ್ಲ, ಯಾರು ಯಾರಿಗೆ ದಾರಿ ಬಿಡಲಿಲ್ಲ ಅಂತ ಚಿತ್ರ ಬರೆದು ಇಟ್ಟಿರುತ್ತಾರೆ. ಇವು ಕ್ಲಬ್‌ನ ಕಪಾಟಿನಲ್ಲಿ ಇಲ್ಲದಿದ್ದರೆ ಯಾರದೋ ಮನೆಯ ಅಟ್ಟದಲ್ಲಿ ಇರುತ್ತವೆ. ಸ್ಮರಣ ಸಂಚಿಕೆಯಲ್ಲಿ ಮಂತ್ರಿಗಳ ಶುಭಾಶಯದ ಪುಟ ಕಡಿಮೆ ಮಾಡಿ ಇವನ್ನು ಹಾಕಿ.

ಎರಡನೆಯದು, ಹಳೇ ದಾರಿಯಲ್ಲೇ ಓಟ ಇಡಿ. ಬಂದರು ಬೆಳೆದು ಆ ದಾರಿ ಮುಚ್ಚಿದ್ದರೆ ಆದಷ್ಟು ಹತ್ತಿರದ್ದು. ಆಗ ಓಡಿದ ಮಾದರಿಯ ಒಂದೆರಡು ದೋಣಿ ಎಲ್ಲಾದರೂ ಶೆಡ್ಡಿನಲ್ಲಿ ಕೊಳೆಯುತ್ತಿರಬಹುದು. ಎರಡು ವರ್ಷ ಸಮಯ ಇದೆ, ಈಗಲೇ ರಿಪೇರಿಗೆ ಕೊಡಿ. ಹಳೇ ದೋಣಿ ಹೊಸ ದೋಣಿ ಒಟ್ಟಿಗೆ ಓಡಿದರೆ ಸಮಯದ ರಿಯಾಯಿತಿ ಕೊಡಲು ಮರೆಯಬೇಡಿ, ಇಲ್ಲದಿದ್ದರೆ ‘ಅರೋರಾ’ಗೆ ಆದದ್ದೇ ಆಗುತ್ತದೆ.

ಮೂರನೆಯದು, ಗೆದ್ದವರನ್ನು ಎಲ್ಲರೂ ಕರೆಯುತ್ತಾರೆ. ನೀವು ಕೊನೆಗೆ ಬಂದವರನ್ನು ಕರೆಯಿರಿ. ದೋಣಿಗೆ ಬಣ್ಣ ಬಳಿದವರು, ಹಾಯಿ ಹೊಲಿದವರು, ದಡದಲ್ಲಿ ಹಗ್ಗ ಹಿಡಿದ ಬೆಸ್ತರು, ಪಾರುಗಾಣಿಸುವ ದೋಣಿಯಲ್ಲಿ ಬಿಸಿಲಿನಲ್ಲಿ ಕೂತಿದ್ದವರು, ಇವರ ಹೆಸರು ಯಾವ ಕಪ್ ಮೇಲೂ ಇರುವುದಿಲ್ಲ. ಬದುಕಿದ್ದವರ ಮಾತು ಫೋನಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಇವತ್ತೇ ಶುರು ಮಾಡಿ.

ಇನ್ನೊಂದು. ಮುಖ್ಯ ಅತಿಥಿ ಬಂದ ಮೇಲೆ ಓಟ ಶುರು ಅಂತ ಇಟ್ಟುಕೊಳ್ಳಬೇಡಿ. ಗಾಳಿ ಯಾರ ಕಾರಿಗೂ ಕಾಯುವುದಿಲ್ಲ. ಐದು ನಿಮಿಷ, ನಾಲ್ಕು, ಒಂದು, ಆಮೇಲೆ ಹೊರಡು ಅಂತ ಬಾವುಟದ ಲೆಕ್ಕ ಇದೆಯಲ್ಲ, ಅದರ ಪ್ರಕಾರ ಬಿಡಿ. ಅತಿಥಿಗಳು ಬಹುಮಾನ ಕೊಡಲು ಬಂದರೆ ಸಾಕು.

ಹಲಸೂರು ಕೆರೆಯ ಪಕ್ಕದಲ್ಲೇ ನಮ್ಮ ಮನೆ. ಹನ್ನೊಂದು ವರ್ಷದ ಮಗಳು ಹಾಯಿದೋಣಿ ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿ ಇದೆಲ್ಲ ಸಾಧ್ಯವೇ?
— ಹಲಸೂರಿನ ತಾಯಿ

ನಿಮ್ಮ ಮನೆಯ ಎದುರಿನ ಕೆರೆಯ ದಡದಲ್ಲೇ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, ಸೇನೆಯ ಎಂಜಿನಿಯರ್ ದಳದವರು. 1985ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿಯಿಂದ ಹೊರಟು 1987ರ ಜನವರಿಯಲ್ಲಿ ಭೂಮಿ ಸುತ್ತಿ ಬಂದ 37 ಅಡಿಯ ‘ತೃಷ್ಣಾ’ವನ್ನು ನಡೆಸಿದ್ದು ಎಂಜಿನಿಯರ್ ದಳದ ಅಧಿಕಾರಿಗಳೇ. ಭೂಮಿ ಸುತ್ತಿದ ಮೊದಲ ಭಾರತೀಯ ಹಾಯಿದೋಣಿ ಅದು. ಹಾಗಾಗಿ ಒಳನಾಡಿನವರಿಗೆ ಇದು ಆಗದ ಕೆಲಸ ಅಂತ ಮಗಳಿಗೆ ಹೇಳಬೇಡಿ.

ಹನ್ನೊಂದು ಒಳ್ಳೆಯ ವಯಸ್ಸು. ಮಕ್ಕಳು ಶುರು ಮಾಡುವುದು ‘ಆಪ್ಟಿಮಿಸ್ಟ್’ ಅನ್ನುವ ದೋಣಿಯಲ್ಲಿ. 2.3 ಮೀಟರ್ ಉದ್ದ, ಒಬ್ಬರೇ ಕೂರುವಂಥದ್ದು, ನೋಡಲು ಸ್ನಾನದ ತೊಟ್ಟಿ. 15 ವರ್ಷದ ತನಕ ಅದರಲ್ಲಿ ಸ್ಪರ್ಧಿಸಬಹುದು. ಕಲಿಯಲು ಸಮುದ್ರವೇ ಬೇಕಿಲ್ಲ. ಹೈದರಾಬಾದಿನವರು ಹುಸೇನ್ ಸಾಗರದ ಮೇಲೆ ರಾಷ್ಟ್ರಮಟ್ಟದ ಸ್ಪರ್ಧೆ ನಡೆಸುತ್ತಾರೆ. ಸಮುದ್ರವೇ ಬೇಕಾದರೆ ಹತ್ತಿರದ್ದು ಚೆನ್ನೈ. ಅಲ್ಲಿನ ಬಂದರಿನ ಒಳಗೇ 1911ರಲ್ಲಿ ಶುರುವಾದ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಇದೆ. ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆ ನೇತ್ರಾ ಕುಮನನ್ ಚೆನ್ನೈಯವರೇ. ರಜೆಯಲ್ಲಿ ಒಂದು ಶಿಬಿರಕ್ಕೆ ಕಳಿಸಿ ನೋಡಿ. ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆ ಇರುವ ಕಡೆಯೇ ಕಳಿಸಿ.

ಅದಕ್ಕೂ ಮುಂಚೆ ಈಜು. ಚೆನ್ನಾಗಿ ಈಜು ಬರಲಿ, ಬಂದ ಮೇಲೂ ಲೈಫ್ ಜಾಕೆಟ್ ಇಲ್ಲದೆ ದೋಣಿಗೆ ಕಾಲಿಡಬಾರದು. ದೋಣಿ ಮಗುಚಿ ನೀರಿಗೆ ಬೀಳುವುದು ಮೊದಲ ವಾರದ ಪಾಠವೇ, ಗಾಬರಿಯಾಗಬೇಡಿ. ನಮ್ಮ ನಗರದ ಕೆರೆಗಳ ನೀರಿಗೆ ಬೀಳುವುದು ಇನ್ನೊಂದು ವಿಷಯ. 2016ರಲ್ಲಿ ಅದೇ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದವು, ನಿಮಗೆ ನೆನಪಿರಬೇಕು. ಗಾಳಿಗೇನೂ ನಮ್ಮಲ್ಲಿ ಬರವಿಲ್ಲ. ಆಷಾಢದ ಗಾಳಿ ಮನೆಯ ಬಟ್ಟೆಯನ್ನೆಲ್ಲ ಹಾರಿಸಿಕೊಂಡು ಹೋಗುವುದು ನಮಗೆ ಗೊತ್ತೇ ಇದೆ. ಗಾಳಿ ಇದೆ, ಕೆರೆ ಇದೆ, ಬೀಳಬಹುದಾದ ನೀರು ಮಾತ್ರ ಇಲ್ಲ. ಇದು ಹಾಯಿದೋಣಿ ಕ್ಲಬ್‌ನವರು ಸರಿಮಾಡುವ ಕೆಲಸವಲ್ಲ.

ಕೇರಳದ ನೆಹರೂ ಟ್ರೋಫಿಯೂ ಹಳೇ ಓಟದ ನೆನಪೇ ಅಲ್ವಾ?
— ಜಾಲಹಳ್ಳಿಯ ಓದುಗರು

ಹೌದು, ಆದರೆ ಅಲ್ಲಿ ಹಾಯಿ ಇಲ್ಲ, ಹುಟ್ಟು ಮಾತ್ರ. 1952ರಲ್ಲಿ ನೆಹರೂ ಆಲಪ್ಪುಳಕ್ಕೆ ಬಂದಾಗ ಅವರ ಎದುರು ಹಾವುದೋಣಿಗಳ ಓಟ ನಡೆಸಿದರು. ಅವರು ಖುಷಿಯಾಗಿ, ಗೆದ್ದ ದೋಣಿಗೇ ಹತ್ತಿ ಕೂತರು. ದೆಹಲಿಗೆ ಹೋದ ಮೇಲೆ ಬೆಳ್ಳಿಯ ದೋಣಿಯ ಟ್ರೋಫಿ ಕಳಿಸಿಕೊಟ್ಟರು. ಒಂದು ದಿನದ ಸ್ವಾಗತ ಪ್ರತಿ ವರ್ಷದ ಓಟವಾಯಿತು.

ಜಗತ್ತಿನಲ್ಲೇ ಹಳೆಯ ಹಾಯಿದೋಣಿ ಕ್ಲಬ್ ಯಾವುದು?
— ಕೆಂಗೇರಿಯ ಓದುಗರು

ಐರ್ಲೆಂಡಿನ ರಾಯಲ್ ಕಾರ್ಕ್, 1720ರದ್ದು. 300 ತುಂಬಿದ್ದು 2020ರಲ್ಲಿ! ವರ್ಷಗಟ್ಟಲೆ ತಯಾರಿ ಮಾಡಿಕೊಂಡಿದ್ದರು, ಕೊರೊನಾ ಬಂದು ದೊಡ್ಡ ರೆಗಟ್ಟಾ ರದ್ದಾಯಿತು. ಪಾಪ. 2022ರಲ್ಲಿ ಅದು ಮತ್ತೆ ನಡೆಯಿತು. ನಮ್ಮ ದೇಶದಲ್ಲಿ ಹಳೆಯದಕ್ಕೆ ಮುಂಬೈ ನೋಡಿ, ಅಲ್ಲಿನ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರದ್ದು.

1851ರಲ್ಲಿ ಗೆದ್ದ ಕಪ್ ಈಗಲೂ ಅದೇನಾ, ಅಥವಾ ಹೊಸದು ಮಾಡಿಸಿದ್ದಾರಾ? ಗೆದ್ದವರು ಅದರಲ್ಲಿ ಕುಡಿಯುತ್ತಾರಾ?
— ಮಲ್ಲೇಶ್ವರದ ಕಾಲೇಜು ಹುಡುಗ

ಅದೇ ಕಪ್. ಲಂಡನ್ನಿನ ಗೆರಾರ್ಡ್ ಅಕ್ಕಸಾಲಿಗರು 1848ರಲ್ಲಿ ಮಾಡಿದ್ದು. ಗೆದ್ದವರು ಹೆಚ್ಚಾದ ಹಾಗೆ ಹೆಸರು ಕೆತ್ತಲು ಜಾಗ ಸಾಲದೆ ಕೆಳಗೆ ಪೀಠ ಸೇರಿಸಿದ್ದಾರೆ. ಕುಡಿಯಲು ಆಗುವುದಿಲ್ಲ, ಅದಕ್ಕೆ ತಳವೇ ಇಲ್ಲ! ಸುರಿದದ್ದೆಲ್ಲ ನೆಲಕ್ಕೆ. 1997ರಲ್ಲಿ ಅದು ಆಕ್ಲೆಂಡ್‌ನಲ್ಲಿದ್ದಾಗ ಒಬ್ಬ ಪ್ರತಿಭಟನಾಕಾರ ಸುತ್ತಿಗೆಯಿಂದ ಬಡಿದು ಗುರುತು ಸಿಗದ ಹಾಗೆ ಮಾಡಿದ್ದ. ಗೆರಾರ್ಡ್‌ನವರೇ ತಿಂಗಳುಗಟ್ಟಲೆ ಕೂತು ಮೊದಲಿನ ಹಾಗೆ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ.